ಕೋಟಿ ಚೆನ್ನಯ: ಪಂಜೆ ಮಂಗೇಶರಾಯರ ಬಾಲಕಥನ

ಕೋಟಿ ಚೆನ್ನಯ ಎಂಬುದು ತುಳುನಾಡಿನ ಅವಳಿ ವೀರರ ಬದುಕನ್ನು ಕುರಿತು ಪಂಜೆ ಮಂಗೇಶರಾಯರು (1874–1937) ಕನ್ನಡದಲ್ಲಿ ಬರೆದ ಗದ್ಯಕಥನ. ತುಳು ಪಾಡ್ದನವನ್ನು, ಅಂದರೆ ಬಾಯಿಂದ ಬಾಯಿಗೆ ಹಾಡಿಕೊಂಡು ಬಂದ ನೀಳ್ಗಾವ್ಯವನ್ನು, ಆಧರಿಸಿದ ಈ ಕೃತಿಯನ್ನು ನೀಳ್ಗತೆ ಎಂದೂ ಕಿರುಕಾದಂಬರಿ ಎಂದೂ ಕರೆಯಬಹುದು. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡ ಇಬ್ಬರು ಮಕ್ಕಳು ಅವಮಾನ, ವಂಚನೆ, ಊರು ಬಿಡಬೇಕಾದ ಸಂಕಟಗಳ ನಡುವೆಯೂ ತಲೆ ಬಾಗಿಸದೆ ನಿಲ್ಲುವ ಕಥೆ ಇದಾದ್ದರಿಂದ, ಕಷ್ಟದಲ್ಲಿ ಕುಗ್ಗದ ಬಾಲ್ಯವನ್ನು ಚಿತ್ರಿಸುವ ಲೋಕದ ಮಕ್ಕಳ ಕಥೆಗಳ ಸಾಲಿನಲ್ಲಿ ಇದಕ್ಕೆ ಸಹಜವಾಗಿಯೇ ಸ್ಥಾನವಿದೆ. ಆದರೆ ಆ ಸಾಲಿನ ಬಹುತೇಕ ಕಥೆಗಳಿಂದ ಇದನ್ನು ಬೇರ್ಪಡಿಸುವ ಒಂದು ಗುಣವೂ ಉಂಟು: ಇಲ್ಲಿನ ತಬ್ಬಲಿಗಳು ಯಾರ ಕರುಣೆಗೂ ಕಾಯುವುದಿಲ್ಲ, ಅರಸ ತಾಯಿಗೆ ಕೊಟ್ಟ ಮಾತನ್ನು ಸಲ್ಲಿಸಿರೆಂದು ಕೇಳುತ್ತಾರೆ.

ಕರ್ತೃ

ಪಂಜೆ ಮಂಗೇಶರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಪೇಟೆಯ ಮತ್ತು ಗದ್ದೆಯ ಮಾತು ತುಳು, ಶಾಲೆಯ ಮಾತು ಕನ್ನಡ, ಕಾಲೇಜಿನ ಮಾತು ಇಂಗ್ಲಿಷ್ ಎಂಬಂತಿದ್ದ ಅಂದಿನ ಕರಾವಳಿಯ ಭಾಷಾಪರಿಸರದಲ್ಲಿ ಬೆಳೆದ ಅವರಿಗೆ, ಒಂದು ಮಾತಿನಲ್ಲಿ ಕೇಳಿದ್ದನ್ನು ಇನ್ನೊಂದು ಮಾತಿನಲ್ಲಿ ಹೇಳುವುದು ದಿನನಿತ್ಯದ ಅಭ್ಯಾಸವೇ ಆಗಿತ್ತು. ಪೂರ್ವಿಕರು ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಪಂಜ ಎಂಬ ಊರಿನವರಾದುದರಿಂದ ಮನೆತನಕ್ಕೆ ಪಂಜೆ ಎಂಬ ಹೆಸರು ಬಂತು. ಕೋಟಿ ಚೆನ್ನಯರ ಕಥೆಯಲ್ಲಿ ಸೋದರರು ಅಕ್ಕನ ಮನೆಯನ್ನು ಹುಡುಕಿಕೊಂಡು ಹೋಗುವುದೂ ಮೋಸಕ್ಕೆ ಸಿಕ್ಕಿ ಸೆರೆಯಾಗುವುದೂ ಇದೇ ಪಂಜದಲ್ಲಿ ಎಂಬುದು ಗಮನಿಸತಕ್ಕ ಸಂಗತಿ.

ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ, ಕೊಡಗಿನ ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ಕೆಲಸ ಮಾಡಿದರು. ಮಕ್ಕಳ ಸಾಹಿತ್ಯಕ್ಕೆ ಅವರನ್ನು ಕರೆತಂದದ್ದು ಈ ವೃತ್ತಿಯೇ. ತರಗತಿಯ ಬೆಂಚಿನ ಮೇಲೆ ಕುಳಿತ ಮಗುವಿಗೆ ಪುಸ್ತಕದ ಕನ್ನಡ ಎಲ್ಲಿ ತೊಡಕಾಗುತ್ತದೆ, ಎಲ್ಲಿ ಕಿವಿ ನಿಮಿರುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಅವರು. ಮಂಗಳೂರಿನ ಬಾಸೆಲ್ ಮಿಶನ್ ಹೊರತರುತ್ತಿದ್ದ ಕನ್ನಡ ಪಾಠಪುಸ್ತಕಗಳಿಗೆ ಪದ್ಯಗಳನ್ನೂ ಪಾಠಗಳನ್ನೂ ಒದಗಿಸಿದರು; ಮಕ್ಕಳಿಗಾಗಿ ಪುಸ್ತಕಗಳನ್ನು ಪ್ರಕಟಿಸಲು ಗೆಳೆಯರೊಡನೆ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು. 'ಕವಿಶಿಷ್ಯ' ಎಂಬುದು ಅವರ ಕಾವ್ಯನಾಮ. 'ಹಾವಿನ ಹಾಡು', 'ಉದಯರಾಗ', 'ತೆಂಕಣ ಗಾಳಿಯಾಟ', ಕೊಡಗಿನ ಸುಗ್ಗಿಯನ್ನು ಕುರಿತ 'ಹುತ್ತರಿ ಹಾಡು' ಮುಂತಾದ ಪದ್ಯಗಳೂ, 'ಸಿಗಡಿ ಯಾಕೆ ಒಣಗಲಿಲ್ಲ', 'ಒಡ್ಡನ ಓಟ', 'ಮೆಣಸಿನ ಕಾಳಪ್ಪ' ಮುಂತಾದ ಮಕ್ಕಳ ಕಥೆಗಳೂ ತಲೆಮಾರುಗಳ ಕಾಲ ಕನ್ನಡ ಶಾಲೆಗಳಲ್ಲಿ ಉಳಿದಿವೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಬಂದ ಅವರ ಕಥೆಗಳಿಂದಾಗಿ ಕನ್ನಡ ಸಣ್ಣಕಥೆಯ ಆದ್ಯರಲ್ಲಿ ಅವರನ್ನು ಎಣಿಸಲಾಗುತ್ತದೆ. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು, 1937ರಲ್ಲಿ ತೀರಿಕೊಂಡರು.

ಕಥೆಯ ಮೂಲ

ಪಾಡ್ದನ ಎಂಬುದು ತುಳುನಾಡಿನ ದೈವಗಳ ಹುಟ್ಟು, ಬಾಳು, ಅಳಿವು ಮತ್ತು ಕಾರಣಿಕವನ್ನು ಹೇಳುವ ಹಾಡು. ಇದಕ್ಕೆ ಸಂಧಿ ಎಂಬ ಹೆಸರೂ ಇದೆ. ನೇಮದ ರಾತ್ರಿ, ಅಂದರೆ ದೈವಕ್ಕೆ ಬಣ್ಣ ಹಚ್ಚಿ, ಅಣಿ ಕಟ್ಟಿ ಸೇವೆ ಸಲ್ಲಿಸುವ ಹೊತ್ತಿನಲ್ಲಿ, ದೈವದ ವೇಷ ಧರಿಸುವ ಕುಲದವರು ತೆಂಬರೆ ಎಂಬ ವಾದ್ಯದ ತಾಳಕ್ಕೆ ಇದನ್ನು ಹಾಡುತ್ತಾರೆ. ಮಳೆಗಾಲದಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಗದ್ದೆಯ ಹೆಂಗಸರು ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವ ರೀತಿಯಲ್ಲಿ ಇದನ್ನೇ ಹಾಡುತ್ತಾರೆ. ಆದ್ದರಿಂದ ಒಂದೇ ಕಥೆಗೆ ಊರೂರಿಗೆ ಪಾಠಾಂತರಗಳಿರುವುದು ಸಹಜ. ಕೋಟಿ ಚೆನ್ನಯರ ಕಾಲವನ್ನು ಸಾಮಾನ್ಯವಾಗಿ 16ನೆಯ ಶತಮಾನದ ಆಸುಪಾಸಿನದೆಂದು ಭಾವಿಸಲಾಗಿದೆ.

ಈ ಹಾಡುಗಳು ಬರಹಕ್ಕೆ ಇಳಿದದ್ದು 19ನೆಯ ಶತಮಾನದಲ್ಲಿ. ಬಾಸೆಲ್ ಮಿಶನ್ನಿನ ಎ. ಮ್ಯಾನರ್ ಅವರು 1886ರಲ್ಲಿ ಕನ್ನಡ ಲಿಪಿಯಲ್ಲಿ 'ಪಾಡ್ದನೊಳು' ಎಂಬ ಸಂಗ್ರಹವನ್ನು ಹೊರತಂದರು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಅವರು ಕೂಡಿಸಿದ ತುಳು ಸಾಮಗ್ರಿಯು ಅವರ ಮರಣಾನಂತರ 1890ರ ದಶಕದಲ್ಲಿ 'ಇಂಡಿಯನ್ ಆ್ಯಂಟಿಕ್ವರಿ' ಪತ್ರಿಕೆಯಲ್ಲಿ ಬೆಳಕು ಕಂಡಿತು. ಅದರಲ್ಲಿ ಕೋಟಿ ಚೆನ್ನಯರ ಪಾಡ್ದನವೂ ಸೇರಿತ್ತು. ಆದರೆ ಇವೆರಡೂ ವಿದ್ವಾಂಸರ ಮೇಜಿನ ಪುಸ್ತಕಗಳು. ಅದೇ ಕಥೆಯನ್ನು ಓದು ಕಲಿತ ಮಗುವಿನ ಕೈಗೆ ಎಟುಕುವಂತೆ ಕನ್ನಡದ ಗದ್ಯದಲ್ಲಿ ಕಟ್ಟಿಕೊಟ್ಟದ್ದು ಪಂಜೆಯವರ ಹೆಚ್ಚುಗಾರಿಕೆ.

ಕಥಾಸಾರ

ಪಾಡ್ದನದ ಪ್ರಕಾರ, ಇಂದಿನ ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಪೆರುಮಾಳು ಬಲ್ಲಾಳ ಎಂಬ ಅರಸ ಆಳುತ್ತಿದ್ದ. ಬೇಟೆಗೆ ಹೋದಾಗ ಅವನ ಕಾಲಿಗೆ ಕಾಸರಕನ ಮುಳ್ಳು ಚುಚ್ಚಿ, ಗಾಯ ಕೀವಾಗಿ ಯಾರ ಮದ್ದಿಗೂ ಬಗ್ಗದೆ ಹೋಯಿತು. ಕಾಸರಕ ಎಂಬುದು ಕರಾವಳಿಯ ಕಾಡಿನಲ್ಲಿ ಬೆಳೆಯುವ ಕಹಿ ಬೀಜದ ವಿಷದ ಮರ. ಬಿಲ್ಲವ ಕುಲದ ಸಾಯನ ಬೈದ್ಯ ತಂಗಿಯೆಂದು ಸಾಕಿ, ಕಾಂತಣ್ಣ ಬೈದ್ಯನಿಗೆ ಮದುವೆ ಮಾಡಿಕೊಟ್ಟಿದ್ದ ದೇಯಿ ಬೈದೆತಿಗೆ ಹಸಿರು ಮದ್ದಿನ ಕೈಗುಣವಿತ್ತು. ತುಂಬು ಗರ್ಭಿಣಿಯಾಗಿದ್ದ ಆಕೆಯನ್ನು ಅರಸನ ಮನೆಯಾದ ಬೀಡಿಗೆ ಕರೆಸಲಾಯಿತು. ಆಕೆ ಮದ್ದು ಮಾಡಿದಳು, ಅರಸ ಎದ್ದು ಕುಳಿತ, ಬೇಕಾದ್ದನ್ನು ಕೊಡುವೆನೆಂದು ಮಾತು ಕೊಟ್ಟ. ಅಲ್ಲಿಯೇ ಹೆರಿಗೆಯಾಗಿ ಅವಳಿ ಗಂಡುಮಕ್ಕಳು ಹುಟ್ಟಿದರು. ಕೋಟಿ, ಚೆನ್ನಯ ಎಂದು ಹೆಸರಾಯಿತು. ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ಮಕ್ಕಳು ಸೋದರಮಾವ ಸಾಯನನ ಆಸರೆಯಲ್ಲಿ ಬೆಳೆದರು.

ಅರಸನ ಮಂತ್ರಿ ಬುದ್ಯಂತನಿಗೆ ಈ ಮಕ್ಕಳ ಮೇಲೆ ಕಣ್ಣು. ಬುದ್ಯಂತನ ಮಕ್ಕಳೊಡನೆ ಆಡಿದ ಆಟದಲ್ಲಿ ಅವಳಿಗಳು ಗೆದ್ದುದನ್ನು ದೊಡ್ಡವನಾದ ಅವನು ಬಂದು ಕಿತ್ತುಕೊಳ್ಳುತ್ತಾನೆ. ಬೆಳೆದು ಗದ್ದೆ ಹಿಡಿದ ಮೇಲೆ ಅದೇ ಹಗೆ ನೀರಿನ ಜಗಳವಾಗಿ ಮರುಕಳಿಸಿ ಬುದ್ಯಂತನ ಸಾವಿನಲ್ಲಿ ಮುಗಿಯುತ್ತದೆ. ಸೋದರರು ಅಡಗಿ ಕೂರುವುದಿಲ್ಲ. ನೇರವಾಗಿ ಬೀಡಿಗೆ ಹೋಗಿ ತಾಯಿಗೆ ಕೊಟ್ಟ ಮಾತನ್ನು ನೆನಪಿಸುತ್ತಾರೆ. ಅರಸ ಒಪ್ಪುವುದಿಲ್ಲ. ಹುಟ್ಟಿದ ಊರನ್ನು ಬಿಟ್ಟು ಹೊರಟ ಅವರು ಸುಂಕದ ಕಟ್ಟೆಯಲ್ಲಿ ಅವಮಾನಿಸಿದವನನ್ನು ಎದುರಿಸಿ, ತಾವು ಎಂದೂ ಕಾಣದಿದ್ದ ಅಕ್ಕ ಕಿನ್ನಿದಾರುವಿನ ಮನೆಯನ್ನು ಪಂಜದಲ್ಲಿ ಕಂಡುಕೊಳ್ಳುತ್ತಾರೆ. ಅಲ್ಲಿ ಕೇಮರ ಬಲ್ಲಾಳನ ಮನೆಯಲ್ಲಿ ಮೋಸಕ್ಕೆ ಸಿಕ್ಕಿ ಸೆರೆಯಾದರೂ ಬಿಡಿಸಿಕೊಂಡು ಎಣ್ಮೂರಿಗೆ ಬರುತ್ತಾರೆ. ಎಣ್ಮೂರಿನ ದೇವಬಲ್ಲಾಳ ಆಶ್ರಯ ಕೊಡುತ್ತಾನೆ. ಬೇಟೆಯ ಹಂದಿಯ ಹಕ್ಕಿಗಾಗಿ ಪಂಜಕ್ಕೂ ಎಣ್ಮೂರಿಗೂ ಕಾಳಗ ಹತ್ತಿದಾಗ ಸೋದರರು ಅನ್ನ ಕೊಟ್ಟ ನೆಲದ ಪರವಾಗಿ ಹೋರಾಡುತ್ತಾರೆ. ಕೋಟಿ ಬಾಣದ ಪೆಟ್ಟಿಗೆ ಬೀಳುತ್ತಾನೆ. ಒಂದೇ ಹೊಟ್ಟೆಯಿಂದ ಜೊತೆಯಾಗಿ ಬಂದ ಅಣ್ಣನಿಲ್ಲದ ಬದುಕನ್ನು ಒಲ್ಲದೆ ಚೆನ್ನಯನೂ ಅಲ್ಲೇ ಅಳಿಯುತ್ತಾನೆ. ಬಳಿಕ ಇಬ್ಬರೂ ಬೈದೆರ್ಕಳರಾಗಿ, ನಂಬಿದವರಿಗೆ ಇಂಬು ಕೊಡುವ ದೈವಗಳಾಗಿ ನೆಲೆಗೊಂಡರೆಂಬುದು ನಂಬಿಕೆ.

ನೀರಿನ ಪ್ರಸಂಗ

ಇಡೀ ಕಥೆಯ ತಿರುವು ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಡೆಯುತ್ತದೆ. ಕರಾವಳಿಯ ಭತ್ತದ ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ಹೇಳುವುದು ವಾಡಿಕೆ. ತಗ್ಗಿನ ಬೈಲಿನಲ್ಲಿ ನೀರು ನಿಲ್ಲುವುದರಿಂದ ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ತೆಗೆಯಬಹುದು. ನಡುವಣ ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದರಿಂದ ಮೇಲಿನ ಗದ್ದೆಯವನು ಕಂಡಿ ಬಿಡಿಸಿದರೆ ಮಾತ್ರ ಕೆಳಗಿನ ಗದ್ದೆಗೆ ನೀರು. ಉತ್ತು ಹದ ಮಾಡಿ, ಬೂದಿ ಗೊಬ್ಬರ ಹಾಕಿ, ಮೊಳಕೆ ಬಿತ್ತಿದ ಗದ್ದೆಯ ಹುಣಿಯನ್ನು ಯಾರಾದರೂ ಕಡಿದರೆ ನೀರಿನ ಜೊತೆಗೆ ಬೀಜ, ಗೊಬ್ಬರ, ಮೇಲ್ಮಣ್ಣು ಮೂರೂ ಕೊಚ್ಚಿಹೋಗುತ್ತವೆ. ಆ ಮನೆಯ ವರ್ಷದ ಗಂಜಿಯೇ ಹೋದಂತೆ. ಇದನ್ನು ಬಲ್ಲ ಓದುಗನಿಗೆ ಬುದ್ಯಂತ ನೀರನ್ನು ತಡೆದು ಹುಣಿ ಕಡಿಯುವ ಸನ್ನಿವೇಶ ಸಣ್ಣ ಜಗಳವಾಗಿ ತೋರುವುದಿಲ್ಲ. ಬಾಲ್ಯದಲ್ಲಿ ಆಟದ ಗೆಲುವನ್ನು ಕಿತ್ತುಕೊಂಡ ಕೈಯೇ ಈಗ ಅನ್ನವನ್ನು ಕಿತ್ತುಕೊಳ್ಳುತ್ತಿದೆ ಎಂಬ ಎಳೆ ಮಕ್ಕಳಿಗೂ ಕಾಣುವಷ್ಟು ಸ್ಪಷ್ಟವಾಗಿದೆ. ಕೋಟಿ ತಾಳ್ಮೆಯವನು, ಚೆನ್ನಯ ಮುಂಗೋಪಿ. ಅಣ್ಣ ತಡೆಯುತ್ತಾ ತಮ್ಮ ಕುದಿಯುತ್ತಾ ಸಾಗುವ ಈ ಭಾಗದಲ್ಲಿ ಸಹನೆಯ ಮಿತಿ ಎಲ್ಲಿದೆ ಎಂಬ ಪ್ರಶ್ನೆ ತಾನಾಗಿ ಎದ್ದುನಿಲ್ಲುತ್ತದೆ.

ಕಷ್ಟ ಮತ್ತು ಕೆಚ್ಚು

ಯುರೋಪಿನ ಪ್ರಸಿದ್ಧ ಬಾಲಕಾದಂಬರಿಗಳಲ್ಲಿ ತಬ್ಬಲಿ ಮಕ್ಕಳ ಕಷ್ಟ ಹೆಚ್ಚಾಗಿ ಒಬ್ಬ ಉಪಕಾರಿಯ ಮೂಲಕ ಕೊನೆಗಾಣುತ್ತದೆ. ಚಾರ್ಲ್ಸ್ ಡಿಕನ್ಸ್ ಅವರ ಆಲಿವರ್ ಟ್ವಿಸ್ಟನಿಗೆ ಸಿರಿವಂತ ಮುದುಕರೊಬ್ಬರ ಮನೆ ಸಿಗುತ್ತದೆ. 1905ರಲ್ಲಿ ಪ್ರಕಟವಾದ ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಅವರ 'ಎ ಲಿಟಲ್ ಪ್ರಿನ್ಸೆಸ್' ಕಾದಂಬರಿಯಲ್ಲಿ ಅಟ್ಟದ ಕೋಣೆಯಲ್ಲಿ ಹಸಿದು ಮಲಗಿದ ಹುಡುಗಿಗೆ ತಂದೆಯ ಗೆಳೆಯನ ಮೂಲಕ ಕಳೆದ ಸಂಪತ್ತು ಮರಳುತ್ತದೆ. ಅಂಥ ಕಥೆಗಳಲ್ಲಿ ಮಗುವಿನ ಸದ್ಗುಣವೇ ಅದರ ಅರ್ಹತೆ, ಕರುಣೆಯೇ ಅದರ ಬಿಡುಗಡೆ.

ಕೋಟಿ ಚೆನ್ನಯರ ಕಥೆಯಲ್ಲಿ ಅರ್ಹತೆ ಮಕ್ಕಳು ಹುಟ್ಟುವ ಮೊದಲೇ ಸಂದಿದೆ. ತಾಯಿ ದುಡಿದಿದ್ದಾಳೆ, ಅರಸನ ಜೀವ ಉಳಿಸಿದ್ದಾಳೆ, ಪ್ರತಿಫಲ ಬಾಕಿಯಿದೆ. ಅಳಿಯಕಟ್ಟು, ಅಂದರೆ ಆಸ್ತಿಯೂ ಕುಲವೂ ತಾಯಿಯ ಕಡೆಯಿಂದ ಹರಿದುಬರುವ ಪದ್ಧತಿ, ಬೇರೂರಿದ್ದ ತುಳುನಾಡಿನಲ್ಲಿ ತಾಯಿಯ ಬಾಕಿಯನ್ನು ಮಕ್ಕಳು ಕೇಳುವುದು ಹಂಬಲವಲ್ಲ, ಹಕ್ಕು. ಸಾಕಿದವನು ಸೋದರಮಾವ, ದಿಕ್ಕು ತಪ್ಪಿದಾಗ ಬಾಗಿಲು ತೆರೆದವಳು ಅಕ್ಕ. ಈ ಮಕ್ಕಳನ್ನು ಹೊತ್ತು ನಿಂತ ಬಳ್ಳಿಯೆಲ್ಲ ತಾಯಿಯ ಕಡೆಯದೇ. ಹೀಗಾಗಿ ಇಲ್ಲಿ ಕಷ್ಟವನ್ನು ಗೆಲ್ಲುವುದೆಂದರೆ ಸುಖದ ದಡ ಸೇರುವುದಲ್ಲ. ಕೆಳಗಿನವನೆಂದು ಕಂಡವರ ಎದುರು ನೆಟ್ಟಗೆ ನಿಂತು ಲೆಕ್ಕ ಕೇಳುವುದು. ಸೋದರರು ಕೊನೆಯಲ್ಲಿ ಸಾಯುತ್ತಾರೆ ಎಂಬುದನ್ನು ಮಕ್ಕಳ ಕಥೆಗೆ ಒಗ್ಗದ ಮುಕ್ತಾಯವೆಂದು ಕೆಲವರು ಎಣಿಸಬಹುದು. ಆದರೆ ಮಣಿಯುವುದಕ್ಕಿಂತ ಅಳಿಯುವುದನ್ನು ಆರಿಸಿಕೊಂಡವರನ್ನು ಊರು ಮರೆಯದೆ ತಲೆಮಾರುಗಳಿಂದ ಕರೆದು ಕೂರಿಸಿ ಬಡಿಸುತ್ತ ಬಂದಿದೆ ಎಂಬ ಅರಿವು ಕಥೆ ಕೇಳುವ ಮಗುವಿಗೆ ಮೊದಲಿನಿಂದಲೂ ಇರುತ್ತದೆ. ಸಾವಿನ ದುಃಖಕ್ಕೆ ಆ ಅರಿವೇ ಸಾಂತ್ವನ.

ಭಾಷೆ ಮತ್ತು ಉದ್ದೇಶ

ಪಂಜೆಯವರ ಕಾಲದಲ್ಲಿ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ತುಳು ಮನೆಮಾತಿನ ಮಗು ಶಾಲೆಗೆ ಬಂದು ಮೊದಲ ಬಾರಿಗೆ ಪುಸ್ತಕದ ಕನ್ನಡವನ್ನು ಎದುರಿಸುತ್ತಿತ್ತು. ಆ ಪುಸ್ತಕಗಳಲ್ಲಿ ಪುರಾಣದ ಅರಸರಿದ್ದರು, ಇಂಗ್ಲಿಷಿನಿಂದ ಬಂದ ನೀತಿಕಥೆಗಳಿದ್ದವು. ಅಜ್ಜಿ ನೇಜಿ ನೆಡುತ್ತ ಹಾಡಿದ ವೀರರು ಇರಲಿಲ್ಲ. ತುಳುವಿನ ಕಥೆಯನ್ನು ಕನ್ನಡಕ್ಕೆ ತಂದುದರಿಂದ ಎರಡು ಕೆಲಸಗಳು ಒಟ್ಟಿಗೆ ಆದವು. ಮನೆಯಲ್ಲಿ ಕೇಳಿದ ಹೆಸರುಗಳನ್ನು ಅಚ್ಚಿನ ಅಕ್ಷರದಲ್ಲಿ ಕಂಡ ತುಳುವ ಮಗುವಿಗೆ ಶಾಲೆಯ ಭಾಷೆ ಪರಕೀಯವಾಗಿ ಉಳಿಯಲಿಲ್ಲ. ಘಟ್ಟದ ಮೇಲಿನ ಕನ್ನಡ ಓದುಗನಿಗೆ ಬೀಡು, ಗರಡಿ, ಕಂಬಳಗದ್ದೆಗಳ ಲೋಕವೊಂದು ತೆರೆಯಿತು. ತುಳು ಮನೆಮಾತಿನವರಲ್ಲದ ಲೇಖಕರೊಬ್ಬರು ಬಿಲ್ಲವ ವೀರರ ಕಥೆಯನ್ನು ಇಷ್ಟು ಗೌರವದಿಂದ ಎತ್ತಿಕೊಂಡದ್ದು, ಜಾತಿಯ ಗೋಡೆಗಳು ಗಟ್ಟಿಯಾಗಿದ್ದ ಆ ಕಾಲದಲ್ಲಿ, ಸಣ್ಣ ಸಂಗತಿಯಲ್ಲ.

ಪಂಜೆಯವರ ಗದ್ಯದ ಗುಣ ಅವರ ಪದ್ಯದ ಗುಣವೇ: ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ. ಸಂಸ್ಕೃತದ ಸಮಾಸಗಳನ್ನು ಹೊರಗಿಟ್ಟು ಕ್ರಿಯಾಪದಗಳ ಬಲದ ಮೇಲೆ ವಾಕ್ಯವನ್ನು ನಿಲ್ಲಿಸುವುದು, ಕರಾವಳಿಯ ಮಾತುಗಳನ್ನು ವಿವರಣೆಯ ಹೊರೆಯಿಲ್ಲದೆ ಸಂದರ್ಭದಿಂದಲೇ ತಿಳಿಯುವಂತೆ ಬಳಸುವುದು ಅವರ ರೀತಿ. ನೀತಿಯನ್ನು ಕಥೆಯ ಬಾಲಕ್ಕೆ ಕಟ್ಟುವ ಆ ಕಾಲದ ಪಾಠಪುಸ್ತಕಗಳ ಚಾಳಿಯನ್ನು ಅವರು ಮೆಚ್ಚಿದವರಲ್ಲ.

ಎರ್ಮಾಳಿನಿಂದ ಕಾರ್ಕಳದವರೆಗೆ

ಕಥೆ ನಡೆದದ್ದು ಪುತ್ತೂರು, ಸುಳ್ಯ, ಕಡಬದ ಕಡೆಯ ಮಲೆಯಂಚಿನಲ್ಲಾದರೂ ಅದು ಬಾಳಿ ಉಳಿದ ನೆಲ ತುಳುನಾಡಿನುದ್ದಕ್ಕೂ ಹರಡಿದೆ. ಉಡುಪಿ ಜಿಲ್ಲೆಯ ಕಾಪು, ಎರ್ಮಾಳು, ಪಡುಬಿದ್ರಿ, ಕಾರ್ಕಳಗಳ ಸುತ್ತಣ ಗ್ರಾಮಗಳಲ್ಲಿ ಬ್ರಹ್ಮ ಬೈದೆರ್ಕಳ ಗರಡಿಗಳಿವೆ. ಗರಡಿ ಎಂದರೆ ಮೊದಲಿಗೆ ಅಂಗಸಾಧನೆಯ, ಆಯುಧವಿದ್ಯೆಯ ಮನೆ. ತುಳುನಾಡಿನಲ್ಲಿ ಅದು ಬೆರ್ಮೆರ್ ಅಥವಾ ಬ್ರಹ್ಮನ ಜೊತೆಯಲ್ಲಿ ಕೋಟಿ ಚೆನ್ನಯರನ್ನು ಆರಾಧಿಸುವ ಗುಡಿಯೂ ಹೌದು. ನೇಮದ ರಾತ್ರಿ ದರ್ಶನದ ಪಾತ್ರಿಗಳು ಕೈಯಲ್ಲಿ ಸುರಿಯ ಹಿಡಿದು ಜೋಡಿಯಾಗಿ ಅಂಗಳಕ್ಕೆ ಇಳಿಯುತ್ತಾರೆ. ಸುರಿಯ ಎಂದರೆ ಸೋದರರ ಆಯುಧವಾದ ಕಿರುಗತ್ತಿ. ತೆಂಗಿನ ಮಡಲಿನ ಚಪ್ಪರದ ಕೆಳಗೆ ತಾಯಿಯ ಮಡಿಲಲ್ಲಿ ತೂಕಡಿಸುತ್ತ ಕುಳಿತ ಮಕ್ಕಳು ತಾಸೆಯ ಪೆಟ್ಟಿಗೆ ಎಚ್ಚೆತ್ತು ಮೊದಲು ಕಾಣುವುದು ದೀವಟಿಗೆಯ ಬೆಳಕಿನಲ್ಲಿ ಮಿನುಗುವ ಆ ಎರಡು ಅಲಗುಗಳನ್ನು. ಪುಸ್ತಕ ಓದುವುದಕ್ಕೆ ಎಷ್ಟೋ ಮೊದಲು ಇಲ್ಲಿನ ಮಗುವಿಗೆ ಕಥೆಯ ನಾಯಕರ ಪರಿಚಯ ಆಗಿರುವುದು ಹೀಗೆ.

ಕಾಪುವಿಗೂ ಪಡುಬಿದ್ರಿಗೂ ನಡುವೆ ಕಡಲ ಬದಿಯಲ್ಲಿರುವ ಎರ್ಮಾಳಿಗೆ ಈ ಆರಾಧನೆಯ ಕಾಲಗಣನೆಯಲ್ಲಿ ವಿಶೇಷ ಸ್ಥಾನವಿದೆ. 'ಎರ್ಮಾಳ್ ಜಪ್ಪು, ಖಂಡೇವು ಅಡೆಪು' ಎಂಬುದು ತುಳುವರ ರೂಢಿಯ ಮಾತು: ಎರ್ಮಾಳಿನ ಜನಾರ್ದನ ದೇವಸ್ಥಾನದ ಉತ್ಸವದೊಡನೆ ವರ್ಷದ ಜಾತ್ರೆ, ನೇಮಗಳ ಸರಣಿ ಇಳಿಯುತ್ತದೆ, ಚೇಳಾರಿನ ಖಂಡಿಗೆಯಲ್ಲಿ ಅದು ಮುಚ್ಚುತ್ತದೆ ಎಂಬುದು ಅದರ ತಾತ್ಪರ್ಯ. ಊರು ಬಡ ಎರ್ಮಾಳು, ತೆಂಕ ಎರ್ಮಾಳು ಎಂದು ಎರಡಾಗಿದೆ. ಬಡ ಎಂದರೆ ಬಡಗು, ತೆಂಕ ಎಂದರೆ ದಕ್ಷಿಣ. ಪಂಜೆಯವರ 'ತೆಂಕಣ ಗಾಳಿಯಾಟ'ದ ಮೊದಲ ಮಾತಿನಲ್ಲಿರುವುದೂ ಈ ತೆಂಕವೇ ಎಂಬುದನ್ನು ಈ ಊರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಕಳದಲ್ಲಿ ಕೋಟಿ ಚೆನ್ನಯರ ಹೆಸರಿನ ಥೀಮ್ ಪಾರ್ಕ್ ಇದೆ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲಿ ನಡೆಯುವ ಜೋಡುಕರೆ ಕಂಬಳಕ್ಕೆ, ಅಂದರೆ ಎರಡು ಓಟದ ಹಾದಿಗಳಲ್ಲಿ ಕೋಣಗಳನ್ನು ಓಡಿಸುವ ಸ್ಪರ್ಧೆಗೆ, ಈ ಅವಳಿಗಳದೇ ಹೆಸರು.

ಇತರ ರೂಪಗಳು ಮತ್ತು ಅಧ್ಯಯನ

ಕೋಟಿ ಚೆನ್ನಯರ ಕಥೆ ಯಕ್ಷಗಾನ ಪ್ರಸಂಗವಾಗಿ, ನಾಟಕವಾಗಿ ಮೇಳಗಳ ಡೇರೆಯಲ್ಲಿ ದಶಕಗಳ ಕಾಲ ಆಡಿದೆ. ವಿಶುಕುಮಾರ್ ನಿರ್ದೇಶನದ ತುಳು ಚಲನಚಿತ್ರ 'ಕೋಟಿ ಚೆನ್ನಯ' 1973ರಲ್ಲಿ ತೆರೆಕಂಡಿತು, ಆನಂದ್ ಪಿ. ರಾಜು ನಿರ್ದೇಶಿಸಿದ ಅದೇ ಹೆಸರಿನ ಮತ್ತೊಂದು ಚಿತ್ರ ತುಳು ಭಾಷೆಯ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ವಿದ್ವತ್ತಿನ ಕಡೆಯಿಂದ ಬಿ. ಎ. ವಿವೇಕ ರೈ ಅವರ 'ತುಳು ಜನಪದ ಸಾಹಿತ್ಯ', ಬನ್ನಂಜೆ ಬಾಬು ಅಮೀನ್ ಮತ್ತು ಮೋಹನ ಕೋಟ್ಯಾನ್ ಅವರ ಗರಡಿಗಳ ಅಧ್ಯಯನ, ದಾಮೋದರ ಕಲ್ಮಾಡಿ ಅವರ ಪಾಡ್ದನ ಸಂಪುಟ ಮುಖ್ಯವಾದವು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988 ಮತ್ತು 1997ರ ನಡುವೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಪಾಡ್ದನಗಳ ಹಳೆಯ ಪದಗಳನ್ನು ಅರ್ಥದೊಡನೆ ಕಾಪಾಡಿದೆ. ಈ ಎಲ್ಲ ಕೆಲಸಗಳಿಂದ ಮೂಲದ ಪಾಠಾಂತರಗಳು ಈಗ ಸ್ಪಷ್ಟವಾಗಿ ತಿಳಿದಿವೆ. ಇದರಿಂದ ಪಂಜೆಯವರ ಕೃತಿಯ ಬೆಲೆ ಕಡಿಮೆಯಾಗಿಲ್ಲ. ಸಂಗ್ರಹವೊಂದು ಹಾಡನ್ನು ಉಳಿಸುತ್ತದೆ, ಬಾಲಕಥನ ಅದಕ್ಕೆ ಹೊಸ ಕೇಳುಗನನ್ನು ಹುಟ್ಟಿಸುತ್ತದೆ.

ಮಕ್ಕಳ ಸಾಹಿತ್ಯದಲ್ಲಿ ಸ್ಥಾನ

ಪಂಜೆಯವರು ಹಾಕಿದ ದಾರಿಯಲ್ಲಿ ಕರಾವಳಿಯ ಮಕ್ಕಳ ಸಾಹಿತ್ಯ ಮುಂದುವರಿಯಿತು. ಉಡುಪಿ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ, 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದು ಮಕ್ಕಳಿಗೆ ಲೋಕಜ್ಞಾನದ ಬಾಗಿಲು ತೆರೆದರು. ಘಟ್ಟದ ಮೇಲೆ ಸಾಗರದ ನಾ. ಡಿಸೋಜ ಅವರ ಮಕ್ಕಳ ಕಾದಂಬರಿ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವನ್ನು ಪಡೆಯಿತು; ನೆಲ ಕಳೆದುಕೊಳ್ಳುವ ಸಂಕಟವನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ ಎಂಬ ನಂಬಿಕೆಯಲ್ಲಿ ಅದು ಪಂಜೆಯವರ ಕಥನಕ್ಕೆ ದೂರದ ಬಂಧು.

ಮಕ್ಕಳಿಗೆ ಸಿಹಿಯನ್ನಷ್ಟೇ ಬಡಿಸಬೇಕೆಂಬ ಎಣಿಕೆ ಬಲವಾಗಿರುವ ಕಾಲದಲ್ಲಿ ಕೋಟಿ ಚೆನ್ನಯದಂಥ ಕೃತಿ ಬೇರೊಂದು ನಂಬಿಕೆಯನ್ನು ಎತ್ತಿಹಿಡಿಯುತ್ತದೆ. ಮಗುವಿಗೆ ಅನ್ಯಾಯ ಎಂದರೇನೆಂದು ಆಟದ ಅಂಗಳದಲ್ಲೇ ಗೊತ್ತಾಗಿರುತ್ತದೆ. ಗೆದ್ದದ್ದನ್ನು ದೊಡ್ಡವರು ಕಿತ್ತುಕೊಂಡಾಗ ಆಗುವ ಉರಿಗೆ ಹೆಸರಿಲ್ಲದಿರಬಹುದು, ಅನುಭವವಂತೂ ಇರುತ್ತದೆ. ಆ ಉರಿಯನ್ನು ಅಳುಮೋರೆಯಿಲ್ಲದೆ, ಬಾಕಿ ಇದೆ ಎಂದು ಹೇಳುವ ಗಟ್ಟಿ ದನಿಯಾಗಿ ಮಾರ್ಪಡಿಸುವ ಕಲೆಯನ್ನು ದೇಯಿ ಬೈದೆತಿಯ ಮಕ್ಕಳು ಕಲಿಸುತ್ತಾರೆ. ಪ್ರತಿವರ್ಷ ಎರ್ಮಾಳಿನಲ್ಲಿ ಉತ್ಸವದ ಸರಣಿ ಇಳಿದ ಮೇಲೆ ಗರಡಿಗಳಲ್ಲಿ ಒಂದೊಂದಾಗಿ ದೀಪಗಳು ಹತ್ತುತ್ತವೆ. ಅಲ್ಲಿ ಪಾಡ್ದನ ಮೊದಲಾಗುವುದು ಕತ್ತಿಯ ಕಥೆಯಿಂದಲ್ಲ, ಮದ್ದಿನ ಸೊಪ್ಪು ಹಿಡಿದ ತಾಯಿಯ ಕಥೆಯಿಂದ.